ಆಟಿಕೆ ಕಚ್ಕೊಂಡೇ ವಾಕಿಂಗ್ ಹೊರಡೋ ನಾಯಿಗೆ ಏನೇನು ಕಲಿಸ್ಬೇಕು, ಹೆಂಗೆ ಕಲಿಸ್ಬೇಕು

ನಮ್ಮ ಕೆಂಚಿಗೆ ಈಗ ಆರು ವರ್ಷ. ಅರ್ಧ ಲ್ಯಾಬ್ರಡಾರ್, ಇನ್ನರ್ಧ ನಮ್ಮೂರಿನ ನಾಟಿ. ಬೆಳಿಗ್ಗೆ ಆರೂಕಾಲಿಗೆ ನಾನು ಚಪ್ಪಲಿ ಮೆಟ್ಟೋ ಸದ್ದು ಕೇಳಿದ ತಕ್ಷಣ ಅವಳು ಬಾಗಿಲ ಹತ್ರ ಬರಲ್ಲ, ಮೊದ್ಲು ಒಳಗೆ ಓಡ್ತಾಳೆ, ಮಂಚದ ಕೆಳಗೆ ತೂರಿ ಅವಳ ಹಳದಿ ಬಟ್ಟೆ ಬಾತುಕೋಳೀನ ಎಳ್ಕೊಂಡು ಬಂದು ಆಮೇಲೆ ಬಾಗಿಲ ಮುಂದೆ ನಿಲ್ತಾಳೆ. ನಮ್ಮನೇಲಿ ಅದಕ್ಕೆ ಪಾಪು ಅಂತ ಹೆಸರು. ಪಾಪು ಬಾಯಲ್ಲಿದ್ರೆ ನಮ್ಮ ಚಿಕ್ಕಮಗಳೂರಿನ ರತ್ನಗಿರಿ ಬೋರೆ ಗುಡ್ಡದ ತನಕ ಬಾಲ ಆಡಿಸ್ಕೊಂಡು ಬರ್ತಾಳೆ, ಇಲ್ಲದೇ ಇದ್ರೆ ಗೇಟ್ ದಾಟೋಕೇ ಹತ್ತು ನಿಮಿಷ.

ದಾರೀಲಿ ಸಿಗೋರೆಲ್ಲ ನಿಲ್ಲಿಸಿ ಕೇಳ್ತಾರೆ, ಎಂಥದ್ದು ಮಾರಾಯ್ರೆ ಅದು, ಕೋಳಿ ಹಿಡ್ಕೊಂಡು ಬಂದಿದ್ಯಾ ನಿಮ್ ನಾಯಿ ಅಂತ. ಸ್ವಲ್ಪ ಪರಿಚಯ ಆದ್ಮೇಲೆ ಇನ್ನೊಂದು ಕೇಳ್ತಾರೆ, ನಮ್ಮನೆ ನಾಯೀನೂ ಹಿಂಗೇ ಒಂದು ಹಳೇ ಸಾಕ್ಸು ಬಿಡಲ್ಲ, ಇದು ಕೆಟ್ಟ ಅಭ್ಯಾಸ ಅಲ್ವಾ, ಬಿಡಿಸೋದು ಹೆಂಗೆ ಅಂತ. ನಾನು ಹೇಳೋದು ಒಂದೇ. ಬಿಡಿಸೋಕೆ ಹೋಗ್ಬೇಡಿ. ಆ ಆಟಿಕೆ ಯಾವುದಿರ್ಬೇಕು, ಎಲ್ಲಿ ತನಕ ಬಾಯಲ್ಲಿರ್ಬೇಕು, ಕೇಳಿದ್ರೆ ಖುಷಿಯಿಂದ ಕೊಡೋದನ್ನ ಹೆಂಗೆ ಕಲಿಸ್ಬೇಕು, ಇಷ್ಟು ಸರಿ ಮಾಡ್ಕೊಂಡ್ರೆ ಅದ್ರಿಂದ ನಿಮಗೂ ಲಾಭ ನಾಯಿಗೂ ಲಾಭ. ಆರು ವರ್ಷದಲ್ಲಿ ನಾವು ಮಾಡಿ ನೋಡಿದ್ದು, ಡಾಕ್ಟ್ರ ಹತ್ರ ಕೇಳಿ ತಿಳ್ಕೊಂಡಿದ್ದು ಎಲ್ಲಾ ಸೇರಿಸಿ ಬರೀತಿದೀನಿ.

ಯಾಕೆ ಹಿಂಗೆ ಮಾಡ್ತವೆ

ಲ್ಯಾಬ್ರಡಾರ್ ಮತ್ತೆ ಗೋಲ್ಡನ್ ರಿಟ್ರೀವರ್ ಜಾತಿಯವಕ್ಕೆ ಇದು ರಕ್ತದಲ್ಲೇ ಬಂದಿದ್ದು. ಲ್ಯಾಬ್ರಡಾರಿನ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆ ಮೀನುಗಾರರ ಜೊತೆ ಇದ್ದವು, ಗಾಳದಿಂದ ಬಲೆಯಿಂದ ತಪ್ಪಿಸ್ಕೊಂಡ ಮೀನನ್ನ ನೀರಿಗೆ ಹಾರಿ ಬಾಯಲ್ಲಿ ಹಿಡ್ಕೊಂಡು ಬರೋದೇ ಅವುಗಳ ಕೆಲಸ. ಗೋಲ್ಡನ್ ರಿಟ್ರೀವರ್ ತಳಿ ಶುರುವಾಗಿದ್ದು ಸ್ಕಾಟ್‌ಲ್ಯಾಂಡಲ್ಲಿ, 1868ರಲ್ಲಿ ಹುಟ್ಟಿದ ಮರಿಗಳಿಂದ. ಬೇಟೇಲಿ ಬಿದ್ದ ಹಕ್ಕೀನ ಹಲ್ಲಿನ ಗುರುತು ಕೂಡ ಬೀಳದ ಹಾಗೆ ಮೆತ್ತಗೆ ತಂದು ಕೊಡೋ ನಾಯಿಗಳನ್ನೇ ಆರಿಸಿ ಆರಿಸಿ ಮರಿ ಮಾಡಿಸಿದ್ದು. ಹಂಗಾಗಿ ಬಾಯಲ್ಲಿ ಏನಾದ್ರೂ ಹೊತ್ಕೊಂಡು ಯಜಮಾನರ ಜೊತೆ ನಡೆಯೋದು ಅಂದ್ರೆ ಅವಕ್ಕೆ ಕೆಲಸ ಮಾಡಿದ ತೃಪ್ತಿ. ಕಾಕರ್ ಸ್ಪ್ಯಾನಿಯಲ್ ಕೂಡ ಇದೇ ಗುಂಪಿಗೆ ಸೇರಿದ್ದು. ನಾಟಿ ನಾಯಿಗಳಲ್ಲಿ ಸ್ವಲ್ಪ ಕಮ್ಮಿ, ಆದ್ರೆ ಮರಿ ಇದ್ದಾಗಿನಿಂದ ಮನೇಲಿ ಬೆಳೆದಿದ್ರೆ ಅವೂ ಮಾಡ್ತವೆ.

ಇನ್ನೊಂದು ಕಾರಣ ವಾಸನೆ. ನಮ್ಮ ಮೂಗಲ್ಲಿ ವಾಸನೆ ಹಿಡಿಯೋ ಕೋಶಗಳು 50–60 ಲಕ್ಷ ಇದ್ರೆ ನಾಯಿ ಮೂಗಲ್ಲಿ 20 ಕೋಟಿಗೂ ಜಾಸ್ತಿ. ಆ ಹರಿದ ಬಾತುಕೋಳೀಲಿ ಮನೆ, ಮಕ್ಕಳು, ಅವಳ ಹಾಸಿಗೆ, ಅವಳದ್ದೇ ಜೊಲ್ಲು ಎಲ್ಲದರ ವಾಸನೆ ಇದೆ. ಹೊರಗೆ ಬಸ್ಸಿನ ಹಾರ್ನು, ಬೀದಿ ನಾಯಿ, ಗೊತ್ತಿಲ್ದೇ ಇರೋ ಜನ. ಮನೇದೊಂದು ತುಂಡು ಬಾಯಲ್ಲಿದ್ರೆ ಧೈರ್ಯ.

ಲಾಭ ಅಂದ್ನಲ್ಲ, ಅದೇನು ಅಂದ್ರೆ ಬಾಯಿ ತುಂಬಿರೋ ನಾಯಿ ರಸ್ತೇಲಿ ಬಿದ್ದಿರೋ ಕೋಳಿ ಮೂಳೆ, ಬಿರಿಯಾನಿ ಪ್ಯಾಕೆಟ್ಟು ಎತ್ಕೊಳಲ್ಲ. ಲೀಶ್ ಕಚ್ಚಿ ಎಳೆಯಲ್ಲ. ಎದುರಿಗೆ ಬಂದೋರ ಮೇಲೆ ಹಾರಿ ಕೈ ಬಾಯಿಗೆ ಹಾಕ್ಕೊಳೋದೂ ಕಮ್ಮಿ ಆಗುತ್ತೆ. ಕೆಂಚಿ ಎರಡು ವರ್ಷದವಳಿದ್ದಾಗ ರಸ್ತೆ ಕಸ ತಿಂದು ತಿಂದು ತಿಂಗಳಿಗೊಂದ್ಸಲ ವಾಂತಿ ಭೇದಿ, ಪಾಪು ಜೊತೆ ಬರೋಕೆ ಶುರು ಮಾಡಿದ್ಮೇಲೆ ಅದು ಹೆಚ್ಚುಕಮ್ಮಿ ನಿಂತೇ ಹೋಯ್ತು.

ಹಂತ 1: ಒಂದು ವಾರ ಸುಮ್ನೆ ನೋಡಿ

ಏನೂ ಕಲಿಸೋಕೆ ಹೋಗ್ದೇ ಬರೀ ನೋಡಿ. ಆಟಿಕೆ ಬಾಯಲ್ಲಿದ್ದಾಗ ಮೈ ಹೆಂಗಿದೆ? ಬಾಲ ಸೊಂಟದ ಸಮೇತ ಆಡ್ತಿದ್ರೆ, ಬಾಯಿ ಸಡಿಲ ಇದ್ರೆ, ಸಿಕ್ಕೋರಿಗೆಲ್ಲ ತೋರಿಸ್ಕೊಂಡು ಬರ್ತಿದ್ರೆ ಅದು ಖುಷಿ. ಬಾಲ ಕೆಳಗೆ, ಕಿವಿ ಹಿಂದಕ್ಕೆ, ದವಡೆ ಬಿಗಿ ಹಿಡಿದು ಆಟಿಕೇನ ಕಚಕಚ ಅಗೀತಾ ನಡೀತಿದ್ರೆ ಹೆದರಿಕೆ. ಅಂಥ ನಾಯಿಗೆ ಮೊದ್ಲು ಸದ್ದು ಕಮ್ಮಿ ಇರೋ ದಾರಿ ಹುಡುಕಿ, ನಮ್ಮೂರ ಗಿಜಿಗುಡೋ ಐಜಿ ರೋಡಲ್ಲಿ ಸಂಜೆ ಆರು ಗಂಟೆಗೆ ಕರ್ಕೊಂಡು ಹೋಗಿ ಅಭ್ಯಾಸ ಆಗ್ಲಿ ಅಂದ್ರೆ ಆಗಲ್ಲ.

ಮೂರನೇ ಥರ ಸ್ವಲ್ಪ ಹುಷಾರಾಗಿರ್ಬೇಕಾದ್ದು. ಯಾರಾದ್ರೂ ಹತ್ರ ಬಂದ್ರೆ ಮೈ ಕಲ್ಲಿನ ಹಾಗೆ ಬಿಗಿ ಆಗುತ್ತೆ, ತಲೆ ತಗ್ಗಿಸಿ ಆಟಿಕೆ ಮೇಲೆ ಬಾಗುತ್ತೆ, ಕಣ್ಣಿನ ಬಿಳಿ ಕಾಣೋ ಹಾಗೆ ಓರೆ ನೋಟ ನೋಡುತ್ತೆ, ಆಮೇಲೆ ಗುರ್ ಅನ್ನುತ್ತೆ. ಇದು ನನ್ನದು, ಮುಟ್ಬೇಡ ಅನ್ನೋ ಮಾತು. ಗುರ್ ಅಂದಿದ್ದಕ್ಕೆ ಹೊಡೀಬೇಡಿ. ಹೊಡೆದ್ರೆ ನಾಯಿ ಗುರ್ ಅನ್ನೋದನ್ನ ಬಿಡುತ್ತೆ, ಕಚ್ಚೋದನ್ನ ಬಿಡಲ್ಲ, ಮುಂದಿನ ಸಲ ಸೂಚನೇನೇ ಕೊಡದೆ ಕಚ್ಚುತ್ತೆ. ಮನೇಲಿ ಚಿಕ್ಕ ಮಕ್ಕಳಿದ್ದು ನಾಯಿ ಇಷ್ಟು ಬಿಗಿ ಇದ್ರೆ ಆಟಿಕೆ ಹೊರಗೆ ತರೋದನ್ನ ಸದ್ಯಕ್ಕೆ ನಿಲ್ಲಿಸಿ, ನಾಯಿ ಸ್ವಭಾವ ತಿಳಿದಿರೋ ಡಾಕ್ಟ್ರು ಅಥವಾ ಟ್ರೇನರ್ ಹತ್ರ ತೋರ್ಸಿ, ಕೆಳಗೆ ಹಂತ 3ರಲ್ಲಿ ಬರ್ದಿರೋ ಅದಲು ಬದಲು ಪಾಠಾನ ಅವರ ಜೊತೆಗೇ ಮಾಡಿ.

ಹೆಣ್ಣು ನಾಯಿ, ಮರಿ ಆಗದ ಹಾಗೆ ಆಪರೇಷನ್ ಆಗಿಲ್ಲ ಅಂದ್ರೆ ಇನ್ನೊಂದು ವಿಷಯ. ಬೆದೆ ಮುಗಿದು ಒಂದೂವರೆ ತಿಂಗಳಿಂದ ಮೂರು ತಿಂಗಳ ಒಳಗೆ ಇದ್ದಕ್ಕಿದ್ದಂಗೆ ಆಟಿಕೇನ ಮರಿ ಥರ ನೆಕ್ಕೋದು, ಮೂಲೇಲಿ ಬಟ್ಟೆ ಕೆರೆದು ಗೂಡು ಮಾಡೋದು, ಊಟ ಬಿಡೋದು, ಮೊಲೆ ಊದಿ ಹಾಲು ಬರೋದು ಕಂಡ್ರೆ ಅದು ಸುಳ್ಳು ಬಸಿರು. ಕೆಂಚಿಗೂ ಒಂದ್ಸಲ ಆಗಿತ್ತು, ಪಾಪೂನ ಬಿಟ್ಟು ಉಚ್ಚೆಗೂ ಹೋಗ್ತಿರ್ಲಿಲ್ಲ, ಅತ್ತೆಗೆ ಅದನ್ನ ನೋಡಿ ಕಣ್ಣಲ್ಲಿ ನೀರು. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ತಾನಾಗೇ ಹೋಗುತ್ತೆ. ಮೊಲೆ ಹಿಂಡ್ಬೇಡಿ, ಹಿಂಡಿದಷ್ಟೂ ಹಾಲು ಜಾಸ್ತಿ ಆಗುತ್ತೆ. ಗಟ್ಟಿಯಾಗಿ ಕೆಂಪಾಗಿ ಬಿಸಿ ಇದ್ರೆ, ಊಟ ಪೂರ್ತಿ ಬಿಟ್ರೆ ಡಾಕ್ಟ್ರು ನೋಡ್ಲೇಬೇಕು. ಆ ಸಮಯದಲ್ಲಿ ವಾಕಿಂಗ್ ಸ್ವಲ್ಪ ಜಾಸ್ತಿ ಮಾಡಿ, ಅವಳು ಹೊರಗಿದ್ದಾಗ ಮನೇಲಿ ಬೇರೆಯೋರು ಆಟಿಕೆ ಎತ್ತಿಟ್ಟುಬಿಡ್ಲಿ. ಎದುರಿಗೆ ಮಾತ್ರ ಕಸ್ಕೋಬಾರದು.

ಹಂತ 2: ಯಾವ ಆಟಿಕೆ ಹೊರಗೆ ಬರ್ಬೋದು

ಇದ್ರಲ್ಲಿ ಜನ ತುಂಬಾ ಸಡಿಲ ಮಾಡ್ತಾರೆ, ನನಗೆ ಇದ್ರಲ್ಲಿ ಸ್ವಲ್ಪ ಹಠ ಇದೆ.

ಮೊದಲು ಅಳತೆ. ಬಾಯಿ ಹಿಂದಿನ ದವಡೆ ಹಲ್ಲು ದಾಟಿ ಗಂಟಲಿಗೆ ಜಾರೋವಷ್ಟು ಚಿಕ್ಕದು ಬೇಡ. ಲ್ಯಾಬ್ರಡಾರಂಥ ದೊಡ್ಡ ಬಾಯಿಗೆ ಮಕ್ಕಳ ಸಣ್ಣ ರಬ್ಬರ್ ಚೆಂಡು ಬಹಳ ಅಪಾಯ, ಜೊಲ್ಲಲ್ಲಿ ಜಾರಿ ಗಂಟಲಿಗೆ ಕೂತ್ರೆ ತೆಗೆಯೋಕೆ ಕೈಗೆ ಹಿಡಿತಾನೇ ಸಿಗಲ್ಲ. ಹಂಗಂತ ಬಾಯಿ ಪೂರ್ತಿ ಅಗಲಿಸಿ ಹಿಡೀಬೇಕಾದ ದಪ್ಪ ಚೆಂಡೂ ಬೇಡ. ನಾಯಿಗೆ ನಮ್ಮ ಥರ ಮೈ ಬೆವರಲ್ಲ, ನಾಲಿಗೆ ಹೊರಗೆ ಹಾಕಿ ತೇಕಿದ್ರೇನೇ ಮೈ ತಣ್ಣಗಾಗೋದು. ಉದ್ದಕ್ಕೆ ತೆಳ್ಳಗೆ ಇದ್ದು ಎರಡು ಕಡೆ ಜೋತು ಬೀಳೋ ಆಟಿಕೆ ಒಳ್ಳೇದು, ಪಕ್ಕದಲ್ಲಿ ಗಾಳಿ ಆಡೋಕೆ ಜಾಗ ಇರುತ್ತೆ. ಹತ್ತಿ ಕಮ್ಮಿ ತುಂಬಿರೋ ಬಟ್ಟೆ ಬೊಂಬೆ ಅದಕ್ಕೇ ಸರಿ.

ಟೆನಿಸ್ ಬಾಲ್ ಎಲ್ಲರ ಮನೇಲೂ ಇರುತ್ತೆ. ಆದ್ರೆ ಅದರ ಮೇಲಿನ ಉಣ್ಣೆ ನಾರಿಗೆ ಮರಳು ಮಣ್ಣು ಅಂಟ್ಕೊಂಡು ಸ್ಯಾಂಡ್‌ಪೇಪರ್ ಥರ ಆಗುತ್ತೆ, ದಿನಾ ಅದನ್ನೇ ಅಗೀತಿದ್ರೆ ಹಲ್ಲು ಸವೆಯುತ್ತೆ. ಐದು ನಿಮಿಷ ಎಸೆದು ಆಡೋಕೆ ಸಾಕು, ಮುಕ್ಕಾಲು ಗಂಟೆ ಬಾಯಲ್ಲಿಟ್ಕೊಳೋಕೆ ಬೇಡ.

ನಮ್ಮ ಕಡೆ ನಾಯಿಗಳಿಗೆ ಪುಕ್ಕಟೆ ಸಿಗೋ ಆಟಿಕೆ ಎರಡು, ತೆಂಗಿನ ಸಿಪ್ಪೆ ಮತ್ತೆ ತೋಟದಲ್ಲಿ ಚಿಗುರು ಸವರಿ ಬಿಟ್ಟ ಕಾಫಿ ಕಡ್ಡಿ. ಎರಡೂ ಬೇಡ. ತೆಂಗಿನ ನಾರು ಹೊಟ್ಟೇಲಿ ಜೀರ್ಣ ಆಗಲ್ಲ, ಉಂಡೆ ಕಟ್ಟಿ ಕರುಳಲ್ಲಿ ಕೂರುತ್ತೆ. ಹಗ್ಗದ ಆಟಿಕೆದೂ ಇದೇ ಕಥೆ, ಉದ್ದ ದಾರ ನುಂಗಿದ್ರೆ ಕರುಳು ಅದರ ಮೇಲೆ ನೆರಿಗೆ ಥರ ಮಡಿಚ್ಕೊಂಡು ಕೊಯ್ದುಹೋಗೋ ಸಾಧ್ಯತೆ ಇದೆ, ಅದಕ್ಕೆ ಆಪರೇಷನ್ನೇ ದಾರಿ. ಹಿಂದಗಡೆಯಿಂದ ದಾರ ಜೋತಾಡ್ತಿರೋದು ಕಂಡ್ರೆ ಎಳೀಬೇಡಿ, ಹಂಗೇ ಆಸ್ಪತ್ರೆಗೆ ಹೋಗಿ. ಇನ್ನು ಕಡ್ಡಿ, ಬಾಯಲ್ಲಿಟ್ಕೊಂಡು ಓಡುವಾಗ ತುದಿ ನೆಲಕ್ಕೆ ತಾಗಿದ್ರೆ ಗಂಟಲಿಗೇ ಚುಚ್ಚುತ್ತೆ.

ಬಟ್ಟೆ ಬೊಂಬೆ ತಂದ ದಿನಾನೇ ಬಟನ್ ಕಣ್ಣು, ಪ್ಲಾಸ್ಟಿಕ್ ಮೂಗು, ರಿಬ್ಬನ್ನು ಕತ್ತರಿಸಿ ತೆಗೀರಿ. ಒಳಗಿನ ಪೀಂ ಪೀಂ ಶಬ್ದದ ಬಿಲ್ಲೇನೂ ತೆಗೀರಿ. ಲೈಟ್ ಹತ್ತೋದು ಹಾಡು ಹೇಳೋದು ಬೇಡವೇ ಬೇಡ, ಅದರ ಒಳಗಿನ ಬಟನ್ ಬ್ಯಾಟರಿ ನುಂಗಿದ್ರೆ ಕೆಲವೇ ಗಂಟೇಲಿ ಅನ್ನನಾಳ ಸುಡುತ್ತೆ.

ಮತ್ತೆ ಒಂದೇ ಥರದ್ದು ಎರಡು ತಗೊಳ್ಳಿ. ಇವತ್ತೇ. ಯಾಕೆ ಅಂತ ಕೊನೆಗೆ ಹೇಳ್ತೀನಿ.

ಹಂತ 3: "ಹಿಡ್ಕೋ" ಮತ್ತೆ "ಕೊಡು"

ಇಡೀ ವಿಷಯದ ಬೆನ್ನುಮೂಳೆ ಇದು. ಇದನ್ನ ಮನೇಲಿ ಗಟ್ಟಿ ಮಾಡದೆ ರಸ್ತೆಗೆ ಇಳೀಬೇಡಿ.

ನಾನು ಮೊದ್ಲು ತಪ್ಪು ಮಾಡಿದ್ದು ಇಲ್ಲೇ. ಮರಿ ಇದ್ದಾಗ ಪಾಪು ತೊಳೀಬೇಕು ಅಂತ ಬಾಯಿಂದ ಕಿತ್ಕೊಂಡೆ. ಎರಡು ಮೂರು ಸಲ ಹಂಗೇ ಮಾಡಿದ್ಮೇಲೆ ನನ್ನ ಕೈ ಹತ್ರ ಬಂದ್ರೆ ಸಾಕು, ಬಾತುಕೋಳಿ ಕಚ್ಕೊಂಡು ಹಿತ್ತಿಲಿಗೆ ಓಟ. ಮನೆಯೋರು ಮಗಳು ಎಲ್ಲಾ ಸೇರಿ ಅಟ್ಟಿಸ್ಕೊಂಡು ಹೋಗೋದು ಅವಳಿಗೆ ಆಟ ಆಯ್ತು. ಮತ್ತೆ ನಂಬಿಕೆ ಬರೋಕೆ ನಾಲ್ಕು ತಿಂಗಳು ಹಿಡೀತು. ಹಂಗಾಗಿ ನಮ್ಮನೇಲಿ ಈಗ ಒಂದು ನಿಯಮ, ಬಾಯಲ್ಲಿರೋದನ್ನ ಯಾರೂ ಕಸ್ಕೋಳಂಗಿಲ್ಲ, ಬದಲಿಗೆ ಏನಾದ್ರೂ ಕೊಟ್ಟು ತಗೋಬೇಕು.

ಮಾಡೋದು ಹಿಂಗೆ. ನಾಯಿ ಹೊಟ್ಟೆ ಪೂರ್ತಿ ತುಂಬಿರಬಾರದು, ಮನೇಲಿ ಗಲಾಟೆ ಇರಬಾರದು. ಉಪ್ಪು ಖಾರ ಈರುಳ್ಳಿ ಏನೂ ಹಾಕದೆ ಬೇಯಿಸಿದ ಕೋಳಿ, ಮೂಳೆ ತೆಗೆದು, ಕಡ್ಲೆಬೇಳೆ ಗಾತ್ರದ ಚೂರು ಮಾಡಿಟ್ಕೊಳ್ಳಿ. ಮಾಂಸ ತರದ ಮನೆಯಾದ್ರೆ ಪನೀರ್ ಚೂರು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಕೊಡ್ಲೇಬೇಡಿ, ನಾಯಿಗೆ ವಿಷ.

ಮೊದಲ ಎರಡು ಮೂರು ದಿನ ಅವಳಿಗೆ ಅಷ್ಟೇನೂ ಪ್ರೀತಿ ಇಲ್ಲದ ಆಟಿಕೆ ಬಳಸಿ. ಹಿಡ್ಕೋ ಅಂತ ಹೇಳಿ ಕೊಡಿ. ಬಾಯಿಗೆ ತಗೊಂಡ್ರೆ ಶಭಾಷ್ ಅನ್ನಿ. ಐದು ಎಣಿಸಿ. ಆಮೇಲೆ ತಿಂಡಿ ಚೂರನ್ನ ಮೂಗಿನ ಹತ್ರ ತಂದು ಸುಮ್ನಿರಿ, ಮಾತಾಡ್ಬೇಡಿ. ಆಟಿಕೆ ತಾನಾಗೇ ಬೀಳುತ್ತೆ. ಬೀಳೋ ಕ್ಷಣದಲ್ಲಿ ಕೊಡು ಅನ್ನಿ, ತಿಂಡಿ ಕೊಡಿ. ಈಗ ಮುಖ್ಯ, ತಿಂಡಿ ತಿಂದು ಮುಗಿಸಿದ ತಕ್ಷಣ ಅದೇ ಆಟಿಕೇನ ಹಿಡ್ಕೋ ಅಂತ ವಾಪಸ್ ಕೊಡಿ. ಕೊಟ್ರೆ ಕಳ್ಕೊಳಲ್ಲ, ತಿಂಡೀನೂ ಸಿಗುತ್ತೆ ಆಟಿಕೇನೂ ಸಿಗುತ್ತೆ ಅಂತ ಅವಳ ತಲೆಗೆ ಹೋಗೋದು ಈ ವಾಪಸ್ ಕೊಡೋದ್ರಲ್ಲೇ. ಹತ್ತು ಸಲ ಕೊಟ್ರೆ ಒಂಬತ್ತು ಸಲ ವಾಪಸ್ ಹೋಗ್ಬೇಕು.

ಒಂದ್ಸಲಕ್ಕೆ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ, ಅಷ್ಟೇ. ನಾಲ್ಕೈದು ದಿನ ಆದ್ಮೇಲೆ ಮೊದಲು ಕೊಡು ಅನ್ನಿ, ಕೈ ಖಾಲಿ ಚಾಚಿ, ಬಿಟ್ಮೇಲೆ ಇನ್ನೊಂದು ಕೈಯಿಂದ ತಿಂಡಿ. ಆಮೇಲೆ ಪ್ರೀತಿಯ ಆಟಿಕೆ. ಆಮೇಲೆ ಹಿತ್ತಿಲು, ಗೇಟ್ ಒಳಗೆ, ಗೇಟ್ ಹೊರಗೆ. ಒಂದೊಂದು ಜಾಗಕ್ಕೂ ಎರಡು ದಿನ. ಎಲ್ಲಾದ್ರೂ ಕೆಟ್ರೆ ಬೈಬೇಡಿ, ಒಂದು ಮೆಟ್ಟಿಲು ಹಿಂದಕ್ಕೆ ಹೋಗಿ.

ಮನೇಲಿ ಎಲ್ಲರೂ ಒಂದೇ ಪದ ಬಳಸ್ಬೇಕು. ಒಬ್ರು ಕೊಡು, ಇನ್ನೊಬ್ರು ಬಿಡು, ಮಗು ಡ್ರಾಪ್ ಅಂದ್ರೆ ಪಾಪ ಅದಕ್ಕೇನು ಅರ್ಥ ಆಗುತ್ತೆ. ಅತ್ತೆ ಮೊದಮೊದಲು "ಕೊಡೇ ಅಮ್ಮಾ, ಬಂಗಾರಿ, ಕೊಡ್ತೀಯಾ" ಅಂತಿದ್ರು, ಈಗ ಅವರೂ ಒಂದೇ ಮಾತಲ್ಲಿ ಕೊಡು ಅಂತಾರೆ, ಅವರಿಗೇ ಅವಳು ಬೇಗ ಕೊಡೋದು.

ಹಂತ 4: ರಸ್ತೆಗೆ

ಮರಿ ಆದ್ರೆ ಸ್ವಲ್ಪ ತಡೀರಿ. ಮರಿಗಳಿಗೆ ಜೋರು ವಾಂತಿ ಭೇದಿ ತರೋ ಪಾರ್ವೋ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ, ಬರೀ ಸೋಪಿಗೆ ಸಾಯಲ್ಲ. ಮರಿ ಲಸಿಕೆ ಸರಣಿ ಮುಗಿಯೋದು ಸುಮಾರು 16 ವಾರಕ್ಕೆ, ಅದಾಗಿ ಡಾಕ್ಟ್ರು ಸರಿ ಅಂದ್ಮೇಲೆ ನೆಲಕ್ಕೆ ಬಿಡಿ, ಅಲ್ಲಿ ತನಕ ರಸ್ತೇಲಿ ಬಿದ್ದ ಆಟಿಕೆ ಬಾಯಿಗೆ ಹೋಗಬಾರದು. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವರ್ಷ ವರ್ಷ.

ಕುತ್ತಿಗೆ ಬೆಲ್ಟಿಗಿಂತ ಎದೆಗೆ ಕಟ್ಟೋ ಹಾರ್ನೆಸ್ ಒಳ್ಳೇದು, ಬಾಯಲ್ಲಿ ಆಟಿಕೆ ಇದ್ದಾಗ ಕುತ್ತಿಗೆ ಎಳೆದ್ರೆ ಕೆಮ್ಮು ಬರುತ್ತೆ. ಲೀಶ್ ಆರು ಅಡಿ ಸಾಕು. ಭುಜಕ್ಕೆ ಒಂದು ಬಟ್ಟೆ ಚೀಲ, ಅದ್ರಲ್ಲಿ ನೀರು, ಒಂದು ಸಣ್ಣ ಬಟ್ಟಲು, ತಿಂಡಿ, ಕಕ್ಕ ಎತ್ತೋಕೆ ಕವರು, ಹಳೇ ಟವೆಲ್ ತುಂಡು. ಆ ಚೀಲಾನೇ ಪಾಪೂನ ಮನೆ.

ನಮ್ಮ ಪದ್ಧತಿ ಇದು. ಹೋಗುವಾಗ ಅವಳು ಹೊರ್ತಾಳೆ, ಬರುವಾಗ ಚೀಲ ಹೊರುತ್ತೆ. ಗೇಟಿಂದ ಹೊರಟು ಹತ್ತು ನಿಮಿಷ ಆದ್ಮೇಲೆ ಒಂದು ಗೊತ್ತಾದ ಜಾಗ ಇಟ್ಕೊಳ್ಳಿ, ನಮಗೆ ಅದು ಬೋರೆ ಹತ್ರದ ಕಲ್ಲು ಬೆಂಚು. ಅಲ್ಲಿ ನಿಂತು ಕೊಡು, ತಿಂಡಿ, ನೀರು, ಪಾಪು ಚೀಲಕ್ಕೆ. ಚೀಲಕ್ಕೆ ಹೋಗೋ ಮೊದ್ಲು ಅವಳಿಗೆ ಮೂಸೋಕೆ ಬಿಡ್ತೀನಿ, ಎಲ್ಲಿದೆ ಅಂತ ಗೊತ್ತಾದ್ರೆ ಗಾಬರಿ ಆಗಲ್ಲ. ಶುರುವಲ್ಲಿ ಹತ್ತು ಹೆಜ್ಜೆ ಚೀಲದಲ್ಲಿಟ್ಟು ವಾಪಸ್ ಕೊಡಿ, ನಾಳೆ ಇಪ್ಪತ್ತು ಹೆಜ್ಜೆ, ಆಮೇಲೆ ಒಂದು ಲೈಟ್ ಕಂಬದಿಂದ ಇನ್ನೊಂದು ಕಂಬ. ಎರಡು ಮೂರು ವಾರದಲ್ಲಿ ಅರ್ಧ ದಾರಿ ಇಲ್ಲದೇನೇ ಬರೋಕೆ ಕಲೀತವೆ. ವಾಸನೆ ಮೂಸ್ಕೊಂಡು ಅಡ್ಡಾಡೋದೂ ನಾಯಿಗೆ ವಾಕಿಂಗಿನ ದೊಡ್ಡ ಪಾಲು, ಬಾಯಿ ಯಾವಾಗ್ಲೂ ತುಂಬಿದ್ರೆ ಅದು ಸರಿಯಾಗಿ ಆಗಲ್ಲ.

ಬಿಸಿಲಿನ ಬಗ್ಗೆ. ಚಿಕ್ಕಮಗಳೂರು ಸಮುದ್ರ ಮಟ್ಟಕ್ಕಿಂತ ಸಾವಿರ ಮೀಟರ್ ಮೇಲಿರೋ ಊರು, ಇಲ್ಲೇನು ಸೆಕೆ ಅಂತೀವಿ. ಮಾರ್ಚ್ ಏಪ್ರಿಲಲ್ಲಿ ಕಾಫಿ ಗಿಡ ಹೂ ಬಿಡಿಸೋ ಹೂ ಮಳೆ ಬರೋ ಮುಂಚೆ ಇಲ್ಲೂ ಟಾರು ಸುಡುತ್ತೆ, ಕಡೂರು ಅರಸೀಕೆರೆ ಕಡೆಯೋರಿಗಂತೂ ಹೇಳೋದೇ ಬೇಡ. ಅಂಗೈ ಹಿಂಭಾಗ ಏಳು ಸೆಕೆಂಡ್ ರಸ್ತೆ ಮೇಲೆ ಇಟ್ಟು ನೋಡಿ, ನಿಮಗೆ ತಡೆಯೋಕಾಗಿಲ್ಲ ಅಂದ್ರೆ ಅದರ ಪಾದಕ್ಕೂ ಆಗಲ್ಲ. ನಾಯಿ ಮೈ ಶಾಖ ಮಾಮೂಲಿಗೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, 104 ದಾಟಿದ್ರೆ ಅಪಾಯ ಶುರು. ಆಟಿಕೆ ಕಚ್ಕೊಂಡೇ ಮೂಗಲ್ಲಿ ಬುಸುಬುಸು ಅಂತಿದ್ರೆ, ಜೊಲ್ಲು ದಪ್ಪ ಆಗಿದ್ರೆ, ಒಸಡು ಕಡುಗೆಂಪು ಇದ್ರೆ ಅಲ್ಲೇ ನಿಲ್ಲಿಸಿ, ಆಟಿಕೆ ತೆಗೀರಿ, ನೆರಳಿಗೆ ಕರ್ಕೊಂಡು ಹೋಗಿ ಮೈ ಮೇಲೆ ತಣ್ಣೀರು ಸುರೀರಿ, ಗಾಳಿ ಹಾಕಿ, ಮೈ ತಣಿಸ್ತಾನೇ ಆಸ್ಪತ್ರೆಗೆ ಹೊರಡಿ. ಪಗ್, ಬಾಕ್ಸರ್ ಥರ ಚಪ್ಪಟೆ ಮೂತಿಯವಕ್ಕೆ ವಾಕಿಂಗಲ್ಲಿ ಬಾಯಿಗೆ ಆಟಿಕೆ ಕೊಡ್ಲೇಬೇಡಿ ಅಂತ ನನ್ನ ಅಭಿಪ್ರಾಯ, ಅವಕ್ಕೆ ಉಸಿರಾಟಾನೇ ಕಷ್ಟ.

ಬೀದಿ ನಾಯಿ, ಮಕ್ಕಳು

ಬೀದಿ ನಾಯಿ ಗುಂಪು ಕಂಡ್ರೆ ಅವು ಹತ್ರ ಬರೋ ತನಕ ಕಾಯ್ಬೇಡಿ. ದೂರದಲ್ಲಿದ್ದಾಗ್ಲೇ ಕೊಡು ಅಂತ ತಗೊಂಡು ಚೀಲಕ್ಕೆ ಹಾಕಿ, ರಸ್ತೆ ಆ ಕಡೆಗೆ ದಾಟಿ. ನಾಯಿ ನಾಯಿ ಮಧ್ಯೆ ಆಟಿಕೆ ಬಿದ್ರೆ ಜಗಳ ಗ್ಯಾರಂಟಿ. ಮತ್ತೆ ಬಾಯಿ ತುಂಬಿರೋ ನಾಯಿ ತನ್ನ ಮುಖದಲ್ಲಿ ಮಾತಾಡೋಕಾಗಲ್ಲ, ಎದುರಿನ ನಾಯಿಗೆ ಅದರ ಮನಸ್ಸು ಗೊತ್ತಾಗಲ್ಲ. ಬೇರೆ ನಾಯಿ ಕಿತ್ಕೊಂಡು ಹೋದ್ರೆ ಹೋಗ್ಲಿ, ಹಿಂದೆ ಓಡ್ಬೇಡಿ, ಕೈ ಹಾಕ್ಬೇಡಿ. ಆಮೇಲೆ ಸಿಕ್ರೆ ಕವರಲ್ಲಿ ಹಾಕ್ಕೊಂಡು ಬಂದು ಸೋಪಲ್ಲಿ ತೊಳ್ದು ಬಿಸಿಲಲ್ಲಿ ಒಣಗ್ಸಿ.

ಮಕ್ಕಳು ಮುದ್ದಾಗಿದೆ ಅಂತ ಎಳೆಯೋಕೆ ಬರ್ತಾರೆ. ನಾನು ಮೊದ್ಲೇ ಹೇಳ್ತೀನಿ, ಪುಟ್ಟಾ, ಪಾಪೂನ ಮುಟ್ಬಾರ್ದು, ಅದು ಅವಳ ಮಗು, ಬೇಕಾದ್ರೆ ಬೆನ್ನು ಸವರು ಅಂತ. ಅದು ಅವಳ ಮಗು ಅಂದ್ರೆ ಮಕ್ಕಳಿಗೆ ತಕ್ಷಣ ಅರ್ಥ ಆಗುತ್ತೆ, ಮತ್ತೆ ಯಾರೂ ಎಳೆದಿಲ್ಲ.

ಹಂತ 5: ಮಳೆಗಾಲ ಮತ್ತೆ ತೋಟ

ನಮ್ಮ ಕಡೆ ಜೂನಿಂದ ಮೂರು ತಿಂಗಳು ಬಟ್ಟೆ ಆಟಿಕೆ ಅನ್ನೋದು ಒದ್ದೆ ಸ್ಪಂಜು. ರಸ್ತೆ ಗುಂಡಿ ನೀರಲ್ಲಿ ಬಿದ್ದಿದ್ದನ್ನ ಹಂಗೇ ಬಾಯಿಗೆ ತಗೊಳೋಕೆ ಬಿಡ್ಬೇಡಿ. ಇಲಿ ಉಚ್ಚೆ ಸೇರಿದ ನಿಂತ ನೀರಿಂದ ಬರೋ ಇಲಿ ಜ್ವರ, ಲೆಪ್ಟೋಸ್ಪೈರೋಸಿಸ್, ನಾಯಿಯ ಕಿಡ್ನಿ ಲಿವರ್ ಎರಡನ್ನೂ ಹಾಳು ಮಾಡುತ್ತೆ, ಮನುಷ್ಯರಿಗೂ ಬರುತ್ತೆ. ವರ್ಷದ ಲಸಿಕೇಲಿ ಇದು ಸೇರಿದ್ಯಾ ಅಂತ ಮಳೆಗೆ ಮುಂಚೆ ಕಾರ್ಡ್ ತೆಗೆದು ನೋಡಿ. ಮಳೆಗಾಲಕ್ಕೆ ನಾವು ಬಟ್ಟೆ ಪಾಪು ಮನೇಲಿಟ್ಟು ಅದರ ಬದಲು ಮೆತ್ತನೆ ರಬ್ಬರಿನ ಉದ್ದ ಆಟಿಕೆ ಕೊಡ್ತೀವಿ, ಟ್ಯಾಪ್ ಕೆಳಗೆ ಹಿಡಿದ್ರೆ ತೊಳ್ದಂಗೆ. ಮೊದಲ ವರ್ಷ ಒಪ್ಲಿಲ್ಲ. ರಬ್ಬರಿನದ್ದನ್ನ ಒಂದು ವಾರ ಅವಳ ಹಾಸಿಗೇಲಿ ಪಾಪು ಪಕ್ಕದಲ್ಲೇ ಇಟ್ವಿ, ವಾಸನೆ ಹತ್ತಿದ್ಮೇಲೆ ಒಪ್ಪಿದ್ಲು.

ತೊಳೆಯೋದು ಹತ್ತು ದಿನಕ್ಕೊಂದ್ಸಲ, ವಾಸನೆ ಕಮ್ಮಿ ಇರೋ ಸೋಪಲ್ಲಿ, ಚೆನ್ನಾಗಿ ಜಾಲಿಸಿ. ಫಿನಾಯಿಲ್ ಮುಟ್ಟಿಸ್ಬೇಡಿ, ಕಂಫರ್ಟ್ ಥರದ್ದು ಹಾಕ್ಬೇಡಿ. ಬಿಸಿಲಿಲ್ಲದ ದಿನಗಳಲ್ಲಿ ಬಚ್ಚಲು ಒಲೆ ಮೇಲಿನ ತಂತಿಗೆ ಕಟ್ತೀವಿ, ಎರಡು ದಿನ ಬೇಕು. ಒಳಗಿನ ಹತ್ತಿ ತೇವ ಇದ್ದು ಮುಗ್ಗಲು ವಾಸನೆ ಬಂದ್ರೆ ಬಿಚ್ಚಿ ಹತ್ತಿ ಬದಲಾಯಿಸಿ.

ತೋಟದ ದಾರೀಲಿ ಹೋದ್ರೆ ವಾಪಸ್ ಬಂದ್ಮೇಲೆ ನಾಯಿ ಮೂಗು, ಕಾಲ್ಬೆರಳ ಸಂದಿ ನೋಡೋ ಹಾಗೆ ಆಟಿಕೆಯ ಮಡಿಕೇನೂ ನೋಡಿ, ರಕ್ತ ಹೀರೋ ಇಂಬಳ ಇರುತ್ತೆ, ಉಣ್ಣೆ ಹುಳ ಇರುತ್ತೆ. ಚಳಿಗಾಲದಿಂದ ಬೇಸಿಗೆ ತನಕ ಕಾಡಂಚಿನ ತರಗಲೇಲಿ ಉಣ್ಣೆ ಜಾಸ್ತಿ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಾಗಿದ್ದು ನಮ್ಮ ಜಿಲ್ಲೆಗೂ ಬಂದಿದೆ, ಅದು ಹರಡೋದು ಕಾಡಿನ ಉಣ್ಣೆಯಿಂದ್ಲೇ. ಹಂಗಾಗಿ ಮಂಗ ಸತ್ತಿದೆ ಅಂತ ಸುದ್ದಿ ಇರೋ ಕಡೆ ನಾಯಿ ಆಟಿಕೆ ಏನೂ ಬೇಡ.

ತೋಟದಲ್ಲಿ ಇನ್ನೂ ಎರಡು ಹೇಳ್ಲೇಬೇಕು. ಹಣ್ಣು ಕೊಯ್ಲಿನ ಸಮಯ, ಡಿಸೆಂಬರಿಂದ ಫೆಬ್ರವರಿ ತನಕ, ಕಣದಲ್ಲಿ ಕಾಫಿ ಒಣಗ್ತಿರುತ್ತೆ, ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್ ಯಂತ್ರದ ಹತ್ರ ಸಿಪ್ಪೆ ಗುಡ್ಡೆ ಇರುತ್ತೆ. ಸಿಹಿ ವಾಸನೆಗೆ ನಾಯಿ ಆಟಿಕೆ ಅಲ್ಲೇ ಬಿಟ್ಟು ಹಣ್ಣು ತಿನ್ನುತ್ತೆ. ಕೆಫೀನ್ ನಾಯಿಗೆ ವಿಷ, ಹೆಚ್ಚು ತಿಂದ್ರೆ ಒಂದೆರಡು ಗಂಟೇಲಿ ಚಡಪಡಿಕೆ, ವಾಂತಿ, ಎದೆ ಡವಡವ, ನಡುಕ, ಫಿಟ್ಸ್. ತಿಂದಿದ್ದು ಕಂಡ್ರೆ ಲಕ್ಷಣ ಬರ್ಲಿ ಅಂತ ಕಾಯ್ಬೇಡಿ, ಡಾಕ್ಟ್ರಿಗೆ ಫೋನ್ ಮಾಡಿ. ಇನ್ನೊಂದು ಔಷಧಿ ಹೊಡೆಯೋ ಸಮಯ. ಮಳೆಗೆ ಮುಂಚೆ ಗಿಡಕ್ಕೆ ಬೋರ್ಡೋ ದ್ರಾವಣ ಹೊಡೀತಾರೆ, ಅದ್ರಲ್ಲಿ ಮೈಲುತುತ್ತ ಇದೆ. ಬಸವನಹುಳಕ್ಕೆ ಹಾಕೋ ಮೆಟಾಲ್ಡಿಹೈಡ್ ಗುಳಿಗೆ ಅದಕ್ಕಿಂತ ಅಪಾಯ, ನಾಯಿ ತಿಂದು ತಕ್ಷಣ ಚಿಕಿತ್ಸೆ ಸಿಗ್ಲಿಲ್ಲ ಅಂದ್ರೆ ಉಳಿಸ್ಕೊಳೋದು ಕಷ್ಟ. ನೆಲಕ್ಕೆ ಬಿದ್ದ ಒದ್ದೆ ಬಟ್ಟೆ ಇವನ್ನೆಲ್ಲ ಹೀರ್ಕೊಂಡು ಬರುತ್ತೆ. ತೋಟದ ಕೆಲಸ ನೋಡ್ಕೊಳೋ ರೈಟರ್ ಹತ್ರ ಇವತ್ತು ಏನು ಹಾಕಿದೀರಿ ಅಂತ ಒಂದು ಮಾತು ಕೇಳಿ ಹೋಗಿ. ಕತ್ತಲಾಗೋ ಹೊತ್ತಿಗೆ ತೋಟದ ದಾರಿ ಬೇಡ, ಚಿರತೆಗೆ ನಾಯಿ ಅಂದ್ರೆ ಸುಲಭದ ಬೇಟೆ, ಮೂಡಿಗೆರೆ ಸಕಲೇಶಪುರ ಬೇಲೂರು ಕಡೆ ಆನೆ ಬೇರೆ.

ಕಳೆದುಹೋದ್ರೆ, ಹರಿದುಹೋದ್ರೆ

ಎರಡು ತಗೊಳ್ಳಿ ಅಂದಿದ್ದು ಇದಕ್ಕೇ. ಮೊದಲ ಪಾಪು ಹಿರೇಕೊಳಲೆ ಕೆರೆ ಏರಿ ಮೇಲೆ ಬಿದ್ದಿದ್ದು ನಮಗೆ ಗೊತ್ತಾಗಿದ್ದು ಮನೆಗೆ ಬಂದ್ಮೇಲೆ. ವಾಪಸ್ ಹೋಗಿ ಟಾರ್ಚ್ ಹಿಡ್ಕೊಂಡು ಹುಡುಕಿದ್ವಿ, ಸಿಗ್ಲಿಲ್ಲ. ಕೆಂಚಿ ಮೂರು ದಿನ ಮಂಚದ ಕೆಳಗೆ ಮೂಸಿ ಮೂಸಿ ಬರೋಳು, ಅನ್ನ ಅರ್ಧ ಬಿಡೋಳು. ಅದೇ ಅಂಗಡೀಲಿ ಅದೇ ಥರದ್ದು ಸಿಕ್ತು, ತಂದು ಕೊಟ್ರೆ ಮೂಸಿ ತಿರುಗಿ ಹೋದ್ಲು. ಅವಳಿಗೆ ಬಣ್ಣ ಆಕಾರ ಏನೂ ಲೆಕ್ಕ ಇಲ್ಲ, ವಾಸನೆ ಇಲ್ಲ ಅಂದ್ರೆ ಅದು ಪಾಪು ಅಲ್ಲ. ಮಗಳು ಅದನ್ನ ತನ್ನ ದಿಂಬಿನ ಕೆಳಗಿಟ್ಕೊಂಡು ನಾಲ್ಕು ರಾತ್ರಿ ಮಲಗಿದ್ಲು, ಆಮೇಲೆ ಕೆಂಚಿ ಹಾಸಿಗೆ ಒಳಗೆ ಸೇರಿಸಿದ್ವಿ. ಐದನೇ ದಿನ ಬಾಯಲ್ಲಿ ಹಿಡ್ಕೊಂಡು ಬಾಗಿಲಿಗೆ ಬಂದ್ಲು. ಈಗ ಯಾವಾಗ್ಲೂ ಜೋಡಿ ಇದೆ, ತೊಳೆಯೋವಾಗೆಲ್ಲ ಬದಲಾಯಿಸ್ತೀವಿ, ಒಂದು ಬಚ್ಚಲ ತಂತಿ ಮೇಲೆ ಇನ್ನೊಂದು ಅವಳ ಬಾಯಲ್ಲಿ. ಎರಡಕ್ಕೂ ಒಂದೇ ವಾಸನೆ.

ಹರಿದ್ರೆ ಅವತ್ತೇ ಹೊಲೀರಿ. ಅತ್ತೆ ದಪ್ಪ ದಾರ ಎರಡೆಳೆ ಮಾಡಿ ಒತ್ತಾಗಿ ಹೊಲೀತಾರೆ, ಹೊಲಿಗೆ ತುದಿ ಒಳಗೆ ಹೋಗೋ ಹಾಗೆ ಗಂಟು ಹಾಕ್ತಾರೆ. ಹತ್ತಿ ಹೊರಗೆ ಬಂದಿದ್ರೆ ಎಷ್ಟು ಹೋಗಿದೆ ನೋಡಿ, ನೆಲದ ಮೇಲೆ ಸಿಗ್ಲಿಲ್ಲ ಅಂದ್ರೆ ಹೊಟ್ಟೇಲಿದೆ ಅಂತ್ಲೇ ಲೆಕ್ಕ, ಎರಡು ದಿನ ವಾಂತಿ, ಕಕ್ಕ ಕಟ್ಟೋದು, ಹೊಟ್ಟೆ ಉಬ್ಬರ ಗಮನಿಸಿ. ನಾಯಿ ಹರಿಯೋದನ್ನೇ ಅಭ್ಯಾಸ ಮಾಡ್ಕೊಂಡಿದ್ರೆ ಅದಕ್ಕೆ ಬಟ್ಟೆ ಆಟಿಕೆ ಹೊಂದಲ್ಲ, ಗಟ್ಟಿ ರಬ್ಬರಿಗೆ ಬದಲಾಯಿಸಿ.

ಅತಿ ಆಯ್ತು ಅಂತ ಯಾವಾಗ ಅನ್ಕೋಬೇಕು

ಆಟಿಕೆ ಇಳಿಸೋಕೆ ಮನಸ್ಸಿಲ್ಲದೆ ನೀರು ಕುಡಿಯಲ್ಲ, ಉಚ್ಚೆ ಹೊಯ್ಯಲ್ಲ, ರಾತ್ರಿಯೆಲ್ಲ ಅದನ್ನ ಕಚ್ಕೊಂಡು ಕುಂಯ್ ಕುಂಯ್ ಅಂತ ಓಡಾಡುತ್ತೆ ಅಂದ್ರೆ ಅದು ಬರೀ ಪ್ರೀತಿ ಅಲ್ಲ, ಮನಸ್ಸಿಗೆ ಏನೋ ಕಾಟ ಇದೆ, ಇಲ್ಲಾ ಮೈಗೆ. ವ್ಯಾಯಾಮ ಸಾಲ್ತಿದ್ಯಾ, ಮನೇಲಿ ಒಂಟಿ ಇರೋದು ಜಾಸ್ತಿ ಆಯ್ತಾ ನೋಡಿ. ಐದಾರು ವರ್ಷದ ನಾಯಿ ಹೊಸದಾಗಿ ಶುರು ಮಾಡಿದ್ರೆ, ಅಥವಾ ದಿನಾ ಹೊರೋ ನಾಯಿ ಇದ್ದಕ್ಕಿದ್ದಂಗೆ ಬಿಟ್ರೆ ಬಾಯಿ ತೋರ್ಸಿ, ಹಲ್ಲು ಮುರಿದಿರ್ಬೋದು, ಒಸಡು ಊದಿರ್ಬೋದು. ಆಟಿಕೆ ಮೇಲೆ ರಕ್ತದ ಗುರುತು ಕಂಡ್ರೂ ಅಷ್ಟೇ. ನಾಲ್ಕರಿಂದ ಆರು ತಿಂಗಳ ಮರಿ ಆದ್ರೆ ಹಾಲುಹಲ್ಲು ಬೀಳೋ ಸಮಯ, ಸ್ವಲ್ಪ ರಕ್ತ ಬರ್ಬೋದು, ಗಾಬರಿ ಬೇಡ.

ಹಾಸನದಲ್ಲಿ ನಮ್ಮ ನಾದಿನಿ ಮನೆ ಮದುವೆಗೆ ಹೋದಾಗ ಕೆಂಚೀನ ಮೂರು ದಿನ ಪರಿಚಯದೋರ ಮನೇಲಿ ಬಿಡ್ಬೇಕಾಯ್ತು. ಆಸ್ಪತ್ರೆಗೆ, ಬೇರೆಯೋರ ಮನೆಗೆ ಕಳಿಸುವಾಗ ತೊಳೆದ ಪಾಪು ಕಳಿಸ್ಬೇಡಿ, ತಂತಿ ಮೇಲಿರೋದನ್ನ ಬಿಟ್ಟು ಬಾಯಲ್ಲಿ ಓಡಾಡ್ತಿರೋದನ್ನೇ ಕಳಿಸಿ, ಜೊತೆಗೆ ನೀವು ಉಟ್ಟು ಬಿಟ್ಟ ಒಂದು ಹಳೇ ಬಟ್ಟೆ. ಅವರಿಗೆ ಕೊಡು, ಹಿಡ್ಕೋ ಅನ್ನೋ ಎರಡು ಪದ ಒಂದು ಚೀಟೀಲಿ ಬರ್ದು ಕೊಡಿ, ಕಸ್ಕೋಬೇಡಿ ಅಂತ ಕೆಳಗೆ ಗೆರೆ ಹಾಕಿ. ಮೂರನೇ ದಿನ ನಾವು ಹೋದಾಗ ಆ ಮನೆಯ ಅಜ್ಜಿ ಬಾಗಿಲಲ್ಲೇ ನಿಂತು ಕೊಡು ಅಂತ ಕೈ ಚಾಚಿದ್ರು, ಕೆಂಚಿ ಪಾಪೂನ ಅವರ ಕೈಗಿಟ್ಟು ನಮ್ಮ ಹತ್ರ ಓಡಿ ಬಂದ್ಲು.